ಕೊಟ್ಟ ಹೆಣ್ಣು ದೇಶಕ್ಕೆ ಹೊರಗು

ಹ್ಯೂರನ್, ದಕ್ಷಿಣ ಡಕೋಟಾ
೨೬ ಮಾರ್ಚ್ ೧೯೧೮

ಕೋರಾ,

ಈ ಕಾಗದವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ಮನೆಯ ಕುರ್ಚಿಗಳ ಮೇಲೆಲ್ಲ ಕರಪತ್ರದ ಕಟ್ಟುಗಳು ಕೂತಿವೆ. "ಅವನ್ನ ಎತ್ತದೇ ಇದ್ರೆ ಇವತ್ತು ನಿಂಗೆ ಊಟ ಇಲ್ಲ, ಕಾಗದಾನೇ ತಿನ್ನು" ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಾಳೆ.

ಸುದ್ದಿ ಏನೆಂದರೆ, ಈ ಸಲ ಗೆಲ್ಲುತ್ತೇವೆ. ಹೆಂಗಸರಿಗೆ ಓಟು ಬೇಕೇ ಎಂದು ಈ ರಾಜ್ಯದ ಗಂಡಸರನ್ನು ಕೇಳಿದಾಗಲೆಲ್ಲ ಬೇಡವೆಂದೇ ಹೇಳಿದ್ದಾರೆ. ಈಗ ಶಾಸನಸಭೆ ಎರಡು ಮಾತನ್ನು ಒಂದೇ ತಿದ್ದುಪಡಿಯಲ್ಲಿ ಹೆಣೆದಿದೆ. ಹೆಂಗಸರಿಗೆ ಓಟು ಬರುತ್ತದೆ, ಪೂರ್ತಿ ಪ್ರಜೆಯಾಗದ ಪರದೇಶಿಗಳ ಓಟು ಹೋಗುತ್ತದೆ. ಬೇಕಾದರೆ ಎರಡೂ ಬೇಕು, ಬೇಡವಾದರೆ ಎರಡೂ ಬೇಡ. ನಮ್ಮ ಹುಡುಗರು ಫ್ರಾನ್ಸಿನಲ್ಲಿ ಸಾಯುತ್ತಿರುವಾಗ ಜರ್ಮನರ ಓಟು ಉಳಿಯಲಿ ಎಂದು ಕೈಯೆತ್ತುವ ಗಂಡಸು ಯಾರಿದ್ದಾನೆ? ಗಾಳಿ ಬಂದಾಗ ತೂರಿಕೊಳ್ಳಬೇಕು ಕಣೆ. ಕರಪತ್ರದ ತಲೆಬರಹ ನನ್ನದೇ: "ನಿನ್ನನ್ನು ಹೆತ್ತ ತಾಯಿಗಿಲ್ಲದ ಓಟು ಕೈಸರನ ಬಂಟನಿಗೇಕೆ?" ಹೇಗಿದೆ?

ಒಂದು ಕಟ್ಟು ನಿನಗೂ ಕಳಿಸಿದ್ದೇನೆ. ನಿಮ್ಮ ಎಲ್ಕ್ ಫೋರ್ಕಿನಲ್ಲಿ ಹಂಚು. ಸೆಪ್ಟೆಂಬರಿನ ದೊಡ್ಡ ಸಭೆಗೆ ನೀನು ಬಂದು ಮಾತಾಡಲೇಬೇಕು. ನನ್ನಂಥ ಮದುವೆಯಿಲ್ಲದ ಶಾಲಾ ಉಪಾಧ್ಯಾಯಿನಿಯ ಮಾತು ಯಾರಿಗೆ ಬೇಕು? ಡಕೋಟಾದಲ್ಲೇ ಹುಟ್ಟಿದ ಕಮ್ಮಾರನ ಹೆಂಡತಿ ಎದ್ದು ನಿಂತರೆ ಗಂಡಸರ ಬಾಯಿ ಮುಚ್ಚುತ್ತದೆ.

ಔಗುಸ್ಟ್‌ಗೆ ಸಿಟ್ಟು ಮಾಡಿಕೊಳ್ಳಬೇಡ ಎನ್ನು. ನಿನ್ನ ಗಂಡ ನಮ್ಮ ಜರ್ಮನ್, ಅವನ ಮಾತು ಬೇರೆ. ನಿನ್ನ ಪುಟ್ಟ ಟಿಲ್ಲಿಗೆ ಮುತ್ತು.

ಯೂನಿಸ್


ಎಲ್ಕ್ ಫೋರ್ಕ್
೧೪ ಏಪ್ರಿಲ್ ೧೯೧೮

ಅಕ್ಕಾ,

ನಿನ್ನ ಕರಪತ್ರ ನಮ್ಮ ಕುಲುಮೆಯಲ್ಲಿ ಮಾಡಿದ ಗಲಾಟೆ ಕೇಳಿದರೆ ನಗುತ್ತೀ. ಜೀನು ಹೊಲಿಯುವ ಪರ್ಡಿ ಮತ್ತು ಇನ್ನಿಬ್ಬರು ಕುದುರೆಗೆ ಲಾಳ ಕಟ್ಟಿಸಲು ಬಂದಿದ್ದರು. ಔಗುಸ್ಟ್ ಸುತ್ತಿಗೆ ಕೆಳಗಿಟ್ಟು, ಕರಪತ್ರವನ್ನು ಬೆಂಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದ. ಓದಿ ಮುಗಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೋ ಪರ್ಡಿ, ಇದು ನನ್ ಬಗ್ಗೇನೇ ಕಣೋ! ನನ್ ಹೆಂಡ್ತಿ ಅಕ್ಕ ನನ್ ಓಟು ಕಿತ್ಕೊಂಡು ತಾನು ಹಾಕ್ತಾಳಂತೆ."

"ಯಾಕೆ, ನಿನ್ ಹತ್ರ ಎರಡನೇ ಕಾಗದ ಇಲ್ವಾ?" ಎಂದ ಪರ್ಡಿ.

"ಮೊದಲನೇದು ಇದ್ಯಲ್ಲ. ಅದನ್ನ ತೋರ್ಸೇ ಇಷ್ಟು ವರ್ಷ ಓಟು ಹಾಕ್ತಿದೀನಿ. ಕುದುರೆ ಓಡ್ತಾ ಇರೋವಾಗ ಇನ್ನೊಂದ್ಸಲ ಯಾಕಪ್ಪ ಲಾಳ ಹೊಡೀಬೇಕು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯಾಕೋ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಈ ದೇಶದ ಪ್ರಜೆಯಾಗುತ್ತೇನೆ ಎಂದು ಅವನು ಬರೆದುಕೊಟ್ಟದ್ದು ಮೊದಲ ಕಾಗದ. ಆದೆ ಎಂದು ಕೋರ್ಟಿನವರು ಕೊಡುವುದು ಎರಡನೆಯದು. ಅದಕ್ಕೆ ಅವನು ಹೋಗಲೇ ಇಲ್ಲ. ಓಟು ಹಾಕುವವನು ಪ್ರಜೆಯಲ್ಲದೆ ಮತ್ತೇನು ಎಂದು ನಾನೂ ತಿಳಿದಿದ್ದೆ, ಊರೂ ತಿಳಿದಿತ್ತು. ಫೆಬ್ರವರಿಯಲ್ಲಿ ಪ್ರಜೆಗಳಾಗದ ಜರ್ಮನ್ ಗಂಡಸರೆಲ್ಲ ಶತ್ರುದೇಶದವರ ಪಟ್ಟಿಯಲ್ಲಿ ಹೆಸರು ಬರೆಸಬೇಕೆಂದು ಅಂಚೆಮನೆಯ ಗೋಡೆಗೆ ಅಂಟಿಸಿದ್ದರಲ್ಲ, ಔಗುಸ್ಟ್ ಅದನ್ನು ಓದಿ "ಪಾಪ, ಯಾರೋ" ಎಂದು ಮುಂದೆ ಹೋದ.

ನಿನಗೆ ಕಾಯಿದೆ ಗೊತ್ತು. ಅವನು ಹೆಸರು ಬರೆಸಬೇಕಿತ್ತೇ? ಒಂದು ಸಾಲು ಬರೆ. ಅಮ್ಮನ ಕೆಮ್ಮು ಹೇಗಿದೆ?

ಕೋರಾ


ಹ್ಯೂರನ್
೯ ಮೇ ೧೯೧೮

ಕೋರಾ,

ನಿನ್ನ ಕಾಗದ ಓದಿ ಅಮ್ಮ ನಕ್ಕೂ ನಕ್ಕೂ ಕೆಮ್ಮಿದಳು. ಆ ಲಾಳದ ಮಾತು ಎಷ್ಟು ಚೆನ್ನಾಗಿತ್ತೆಂದರೆ ಹೋದ ವಾರದ ಸಭೆಯಲ್ಲಿ ಹೇಳಿಯೇಬಿಟ್ಟೆ. ಹೆಸರು ಹೇಳಲಿಲ್ಲ, ಹೆದರಬೇಡ. "ಎಲ್ಕ್ ಫೋರ್ಕಿನ ಒಬ್ಬ ಜರ್ಮನ್ ಕಮ್ಮಾರ" ಎಂದಷ್ಟೇ ಅಂದೆ. ಸಭೆ ಬಿದ್ದು ಬಿದ್ದು ನಕ್ಕಿತು, ಆಮೇಲೆ ಸಿಟ್ಟಾಯಿತು. ನನಗೆ ಬೇಕಾದದ್ದೂ ಅದೇ. ಮರುದಿನ ಪತ್ರಿಕೆಯವರು ಮೊದಲ ಪುಟದಲ್ಲೇ ಹಾಕಿದ್ದಾರೆ.

ಔಗುಸ್ಟ್ ಸೋಮಾರಿತನ ಬಿಟ್ಟು ಆ ಎರಡನೇ ಕಾಗದ ಮಾಡಿಸಿಕೊಳ್ಳಲಿ, ಮುಗಿಯಿತು. ನೀನಂತೂ ಚಿಂತೆ ಮಾಡಲೇಬೇಡ. ಈ ನೆಲದಲ್ಲಿ ಹುಟ್ಟಿದವರೆಲ್ಲ ಈ ದೇಶದ ಪ್ರಜೆಗಳು ಎಂದು ಸಂವಿಧಾನದ ಹದಿನಾಲ್ಕನೇ ತಿದ್ದುಪಡಿಯಲ್ಲಿ ಬರೆದಿದೆ. ಅದನ್ನು ಬರೆಸಲು ಅಂತರ್ಯುದ್ಧದಲ್ಲಿ ಲಕ್ಷಾಂತರ ಜನ ಸತ್ತಿದ್ದಾರೆ, ನಮ್ಮ ತಾತನೂ ಅದರಲ್ಲೇ ಕಾಲು ಕಳೆದುಕೊಂಡ. ನಿನ್ನ ಕೂದಲು ಮುಟ್ಟುವವರು ಯಾರು?

ಸೆಪ್ಟೆಂಬರಿನ ಭಾಷಣ ಬರೆಯಲು ಶುರುಮಾಡು.

ಯೂನಿಸ್


ಎಲ್ಕ್ ಫೋರ್ಕ್
೭ ಜುಲೈ ೧೯೧೮

ಅಕ್ಕಾ,

ತಡವಾಯಿತು, ಕ್ಷಮಿಸು. ನಾನು ಭಾಷಣಕ್ಕೆ ಬರುವುದಿಲ್ಲ. ಟಿಲ್ಲಿಗೆ ಕಿವಿನೋವು, ತೋಟದ ಕೆಲಸವೂ ಇದೆ. ಔಗುಸ್ಟ್ ಊರಲ್ಲಿಲ್ಲ. ಪಶ್ಚಿಮದ ಕಡೆ ಹೋಗಿದ್ದಾನೆ. ಕುಲುಮೆ ಮುಚ್ಚಿದೆ.

ಅಮ್ಮನಿಗೆ ಚೆನ್ನಾಗಿದ್ದೇವೆ ಎನ್ನು.

ಕೋರಾ


ಹ್ಯೂರನ್
೨ ಸೆಪ್ಟೆಂಬರ್ ೧೯೧೮

ಕೋರಾ,

ನಿನ್ನ ಆ ನಾಲ್ಕು ಸಾಲನ್ನು ಎರಡು ತಿಂಗಳಿಂದ ತಿರುಗಿಸಿ ಮುರುಗಿಸಿ ಓದುತ್ತಿದ್ದೇನೆ. ಯುದ್ಧದ ಕಾಲದಲ್ಲಿ ಹೆಂಡತಿ ಮಗುವನ್ನು ಬಿಟ್ಟು ಪಶ್ಚಿಮಕ್ಕೆ ಹೋಗಲು ಅವನಿಗೇನು ಬಂತು? ನನ್ನ ಕರಪತ್ರದ ಮೇಲೆ ಮುನಿಸಿಕೊಂಡು ನಿನ್ನನ್ನು ಕಟ್ಟಿಹಾಕಿದ್ದಾನೆ, ಅಷ್ಟೇ. ಗಂಡ ಹಾಕಿದ ಗೆರೆ ದಾಟದವಳು ಎಂದು ನಿನ್ನ ಬಗ್ಗೆ ನಾನು ಎಂದೂ ಎಣಿಸಿರಲಿಲ್ಲ.

ಭಾಷಣ ಸಾಯಲಿ. ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಎದೆಯಲ್ಲಿ ನೀರು ತುಂಬಿದೆ ಎನ್ನುತ್ತಾರೆ ಡಾಕ್ಟರು. ದಿನಕ್ಕೆ ಹತ್ತು ಸಲ, "ಕೋರಾ ಬಂದ್ಲಾ? ರೈಲಿನ ಸದ್ದು ಕೇಳಿಸ್ತಲ್ಲ" ಎನ್ನುತ್ತಾಳೆ. ಎರಡು ದಿನದ ಮಟ್ಟಿಗೆ ಬಾ. ಅಷ್ಟೂ ಆಗದಷ್ಟು ಕಲ್ಲೇನೆ ನೀನು?

ಯೂನಿಸ್


ಎಲ್ಕ್ ಫೋರ್ಕ್
೧೫ ಸೆಪ್ಟೆಂಬರ್ ೧೯೧೮

ಅಕ್ಕಾ,

ಅಮ್ಮನಿಗೆ ಈ ಕಾಗದ ಓದಿ ಹೇಳಬೇಡ.

ಮೇ ತಿಂಗಳ ಕೊನೆಯಲ್ಲಿ ಶೆರಿಫ್ ಡನವೇ ಕುಲುಮೆಗೆ ಬಂದ. ಕೈಯಲ್ಲಿ ನಿನ್ನ ಭಾಷಣವಿದ್ದ ಪತ್ರಿಕೆ. ಎಲ್ಕ್ ಫೋರ್ಕಿನಲ್ಲಿ ಜರ್ಮನ್ ಕಮ್ಮಾರರು ಎಷ್ಟು ಜನ ಇದ್ದಾರೆ, ನೀನೇ ಹೇಳು.

"ಬೇಜಾರು ಮಾಡ್ಕೋಬೇಡ ಔಗುಸ್ಟ್. ನೀನು ಫೆಬ್ರವರೀಲಿ ಹೆಸರು ಬರೆಸ್ಲಿಲ್ಲ" ಎಂದ.

"ನಾನ್ಯಾಕೆ ಬರೆಸ್ಲಿ? ನಿನ್ನ ಶೆರಿಫ್ ಮಾಡಿದ್ದೇ ನನ್ ಓಟು ಕಣಯ್ಯಾ."

"ಅದಕ್ಕೇ ನಂಗೂ ಕಷ್ಟ ಆಗ್ತಿದೆ. ಕೋಟು ಹಾಕ್ಕೋ."

ಪಶ್ಚಿಮ ಎಂದು ಬರೆದೆನಲ್ಲ, ಅದು ಯೂಟಾ. ಶತ್ರುಗಳನ್ನು ಇಡುವ ಮುಳ್ಳುತಂತಿಯ ಶಿಬಿರ. ವಿಚಾರಣೆ ಎನ್ನುವುದು ಇಲ್ಲ, ವಕೀಲನಿಲ್ಲ. ಯುದ್ಧ ಮುಗಿಯುವವರೆಗೆ ಅಲ್ಲೇ. ಅವನನ್ನು ಕರೆದೊಯ್ದ ದಿನ ರಾತ್ರಿ ಯಾರೋ ನಮ್ಮ ಬಾಗಿಲಿಗೆ ದೇಶದ್ರೋಹಿಗಳ ಮನೆಗೆ ಬಳಿಯುವ ಹಳದಿ ಬಣ್ಣ ಬಳಿದು, ಅದು ಒಣಗುವ ಮುಂಚೆ ನಿನ್ನ ಕರಪತ್ರ ಅಂಟಿಸಿ ಹೋದರು. ಕಿತ್ತರೆ ಬರುವುದಿಲ್ಲ. ಟಿಲ್ಲಿ ಅದರಲ್ಲೇ ಅಕ್ಷರ ಕೂಡಿಸಿ ಓದುವುದು ಕಲಿತಳು.

ಜೂನಿನಲ್ಲಿ ಹೆಸರು ಬರೆಸಲು ಜರ್ಮನ್ ಹೆಂಗಸರ ಸರದಿ. ನನಗಲ್ಲ ಎಂದುಕೊಂಡಿದ್ದೆ. ಅಂಚೆಮನೆಯ ಕ್ರ್ಯಾಂಡಲ್ ಹೇಳಿಕಳಿಸಿದರು. ಒಳ್ಳೆಯ ಮುದುಕ, ನಿನಗೆ ಬರೆದ ಕಾಗದಗಳಿಗೆಲ್ಲ ಅವರೇ ಮುದ್ರೆ ಒತ್ತಿದ್ದಾರೆ. ಫೋಟೋ ತರಲು ಹೇಳಿದರು, ತಂದೆ. ಬೆರಳುಗಳನ್ನೆಲ್ಲ ಒಂದೊಂದಾಗಿ ಮಸಿಗೆ ಒತ್ತಿಸಿದರು.

"ಎಲ್ಲಿ ಹುಟ್ಟಿದ್ದು?"

"ಡಕೋಟಾದಲ್ಲಿ. ನಿಮಗೆ ಗೊತ್ತಲ್ಲ."

"ಯಾವ ದೇಶದ ಪ್ರಜೆ?"

"ಇದೇ ದೇಶ."

"ಹಾಗೆ ಬರೆಯೋಕೆ ಬರಲ್ಲ ತಾಯಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಗಂಡ ಯಾವ ದೇಶದವನೋ ಹೆಂಡ್ತಿ ಆ ದೇಶದವಳು, ಕಾಯಿದೆ ಹಾಗಿದೆ."

ನಾನು ನೀನು ಹೇಳಿದ ಹದಿನಾಲ್ಕನೇ ತಿದ್ದುಪಡಿಯನ್ನು ಹೇಳಿದೆ. ಬಾಯಿಪಾಠ ಬರುವಷ್ಟನ್ನೂ ಹೇಳಿದೆ.  ಕ್ರ್ಯಾಂಡಲ್ ತಲೆ ಎತ್ತದೆ "ಜರ್ಮನಿ" ಎಂದು ಬರೆದುಕೊಂಡರು. ಆಮೇಲೆ ವಕೀಲರನ್ನು ಕೇಳಿದೆ. ಕ್ಯಾಲಿಫೋರ್ನಿಯಾದ ಹೆಂಗಸೊಬ್ಬಳು ಇದನ್ನೇ ಹಿಡಿದುಕೊಂಡು ವಾಷಿಂಗ್ಟನ್ನಿನ ಮೇಲಿನ ಕೋರ್ಟಿನವರೆಗೂ ಹೋಗಿದ್ದಳಂತೆ. ಪರದೇಶದವನನ್ನು ಮದುವೆಯಾದದ್ದು ನಿನ್ನ ಇಷ್ಟ, ಹಾಗಾದರೆ ಪ್ರಜೆಯ ಹಕ್ಕು ಬಿಟ್ಟದ್ದೂ ನಿನ್ನ ಇಷ್ಟವೇ ಎಂದರಂತೆ ನ್ಯಾಯಾಧೀಶರು. ಚರ್ಚಿನಲ್ಲಿ ನಾನು "ಹೂಂ" ಎಂದದ್ದು ಔಗುಸ್ಟ್‌ಗೆ. ದೇಶ ಬಿಡುತ್ತೀಯಾ ಎಂದು ಪಾದ್ರಿ ಕೇಳಿರಲಿಲ್ಲ.

ಈಗ ಮುಖ್ಯ ಮಾತು. ಈ ಊರು ಬಿಟ್ಟು ಬೇರೆ ಕಡೆ ಉಳಿಯಬೇಕಾದರೆ ಅಪ್ಪಣೆ ಬೇಕು. ಎರಡು ದಿನಕ್ಕೂ ಬೇಕೇ ಎಂದರೆ, ಬೇಕು ಎನ್ನುತ್ತಾರೆ ಕ್ರ್ಯಾಂಡಲ್. ಕಾಯಿದೆಯಲ್ಲಿ ಹಾಗೇ ಇದೆಯೋ ಇಲ್ಲವೋ, ಕೇಳುವ ಧೈರ್ಯ ನನಗಿಲ್ಲ. ಹೋಗುವ ಊರಿನಲ್ಲಿ ಹೆಸರಿರುವ ಪ್ರಜೆಯೊಬ್ಬರು ನನ್ನ ನಿಷ್ಠೆಗೆ ಹೊಣೆ ನಿಂತು ನೋಟರಿಯ ಎದುರು ಸಹಿ ಹಾಕಿದರೆ ಸಾಕಂತೆ. ಹ್ಯೂರನ್ನಿನಲ್ಲಿ ನಿನಗಿಂತ ಹೆಸರಿರುವವರು ಯಾರು?

ನಿನ್ನ ಮೇಲೆ ಸಿಟ್ಟಿದೆ ಅಕ್ಕಾ, ಇಲ್ಲವೆಂದರೆ ಸುಳ್ಳಾದೀತು. ಬೇಸಿಗೆಯಿಡೀ ನಿಜ ಬರೆಯದೆ ಇದ್ದದ್ದು ಅದಕ್ಕೇ, ನಾಚಿಕೆಗೂ ಹೌದು. ಆದರೆ ಅಮ್ಮನನ್ನು ನೋಡಬೇಕು. ಒಂದು ಸಹಿ ಹಾಕಿ ಕಳಿಸು. ಉಳಿದದ್ದನ್ನೆಲ್ಲ ಎದುರು ಕೂತು ಜಗಳವಾಡೋಣ.

ಕೋರಾ


ಹ್ಯೂರನ್
೨೭ ಸೆಪ್ಟೆಂಬರ್ ೧೯೧೮

ನನ್ನ ಕೋರಾ,

ನಿನ್ನ ಕಾಗದ ಬಂದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಆ ಲಾಳದ ಮಾತನ್ನು ನಾನು ಸಭೆಯಲ್ಲಿ ಹೇಳಬಾರದಿತ್ತು. ನನ್ನ ನಾಲಿಗೆ ಕತ್ತರಿಸಿ ಹಾಕಬೇಕು. ನೀನು ಏಪ್ರಿಲ್‌ನಲ್ಲೇ ಕೇಳಿದ್ದೆ, ನಾನು ಉತ್ತರ ಕೊಡಲಿಲ್ಲ. ನಿನ್ನ ಆ ಕಾಗದವನ್ನು ಮತ್ತೆ ತೆಗೆದು ಓದಿದೆ. ಗಂಡನ ಹಿಂದೆ ಹೆಂಡತಿಯ ಪ್ರಜೆತನವೂ ಹೋಗುತ್ತದೆ ಎಂಬ ಕಾಯಿದೆ ನನಗೆ ಗೊತ್ತಿತ್ತು. ವೇದಿಕೆಯ ಮೇಲೆ ಅದನ್ನು ಬೈದಿದ್ದೇನೆ ಕೂಡ. ಅದು ನಿನಗೂ ತಾಗುತ್ತದೆ ಎಂದು ಒಂದು ಸಲವೂ ಹೊಳೆಯಲಿಲ್ಲ.

ಸಹಿ ಹಾಕುತ್ತೇನೆ. ಐದನೇ ನವೆಂಬರಿಗೆ ಮತದಾನ, ಅದು ಕಳೆದ ಮರುದಿನವೇ ಹಾಕುತ್ತೇನೆ. ಈಗಲೇ ಏಕಿಲ್ಲ ಎಂದು ಕೇಳುತ್ತೀ. ಈ ಊರಿನ ನೋಟರಿ ಸ್ವೀಟ್ಸರ್ ಹೆಂಡದಂಗಡಿಯವರ ಮನುಷ್ಯ. ಹೆಂಗಸರಿಗೆ ಓಟು ಬಂದರೆ ಮುಚ್ಚಿಸಿದ ಅಂಗಡಿ ಮತ್ತೆ ತೆರೆಯದೆಂದು ನಮ್ಮನ್ನು ಸೋಲಿಸಲು ಹಣ ಸುರಿಯುತ್ತಿರುವವರು ಅವರೇ. ಬೆಳಿಗ್ಗೆ ಸಹಿ ಹಾಕಿದರೆ ಸಂಜೆ ಪತ್ರಿಕೆಯಲ್ಲಿ ಬರುತ್ತದೆ: "ಹೆಂಗಸರ ಓಟಿನ ಸಂಘದ ಕಾರ್ಯದರ್ಶಿಯ ತಂಗಿಯೇ ಶತ್ರು." ನಮ್ಮ ಸಂಘದ ಅಧ್ಯಕ್ಷೆಯನ್ನು ಗುಟ್ಟಾಗಿ ಕೇಳಿದೆ. "ಯೂನಿಸ್, ಇದು ನಿಮ್ಮ ಮನೆ ವಿಷಯ ಮಾತ್ರ ಅಲ್ಲ. ಇಡೀ ರಾಜ್ಯದ ಹೆಂಗಸರ ಕೈಗೆ ಬಂದ ತುತ್ತು. ಒಂದು ತಿಂಗಳು ತಡ್ಕೊಳ್ಳಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ.

ಗೆದ್ದ ಮೇಲೆ ಈ ಮದುವೆಯ ಕಾಯಿದೆಯನ್ನೂ ಮುರಿಯುತ್ತೇವೆ. ಓಟಿಲ್ಲದೆ ಅದನ್ನು ಮುರಿಯುವುದಾದರೂ ಹೇಗೆ? ಅಮ್ಮ ಕ್ರಿಸ್‌ಮಸ್‌ವರೆಗೆ ಖಂಡಿತ ಇರುತ್ತಾಳೆ ಎಂದಿದ್ದಾರೆ ಡಾಕ್ಟರು. ನಿನಗೆ ತೋಟದ ಕೆಲಸ ಎಂದು ಅವಳಿಗೆ ಹೇಳಿದ್ದೇನೆ. ಇನ್ನೊಂದು ತಿಂಗಳು ಕಣೆ, ಒಂದೇ ತಿಂಗಳು.

ಯೂನಿಸ್


ಹ್ಯೂರನ್
೨೪ ಅಕ್ಟೋಬರ್ ೧೯೧೮

ಕೋರಾ,

ತಂತಿ ಸಿಕ್ಕಿರಬೇಕು. ಇನ್‌ಫ್ಲುಯೆಂಜಾ ಜ್ವರ ಊರಿಗೆ ಬಂದು ವಾರವಾಗಿತ್ತು. ಮೊದಲು ಪಕ್ಕದ ಮನೆ, ಆಮೇಲೆ ನಮ್ಮದು. ಎರಡೇ ದಿನ. ಇವತ್ತು ಅಮ್ಮನನ್ನು ಮಣ್ಣು ಮಾಡಿದೆವು. ಜನ ಸೇರಬಾರದೆಂದು ಆಜ್ಞೆಯಿದ್ದುದರಿಂದ ನಾನು, ಪಾದ್ರಿ, ಗುಂಡಿ ತೋಡಿದವನು, ಅಷ್ಟೇ ಇದ್ದದ್ದು.

ಕೊನೆಗೆ ಅವಳು ನಿನ್ನನ್ನು ಕೇಳಲಿಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ, ನಿಜವಾಗಿ ಕೇಳಲಿಲ್ಲ. "ಪಾಪ, ಅವ್ಳಿಗೆ ಬರೋಕೆ ಮನಸಿಲ್ಲ, ಬಿಡು" ಎಂದಳು. ತೋಟದ ಕೆಲಸ ಎಂಬ ಸುಳ್ಳನ್ನು ನಂಬುವುದನ್ನು ಅವಳು ಎಂದೋ ಬಿಟ್ಟಿದ್ದಳು. ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳಿಗೆ ಜ್ಞಾನ ತಪ್ಪಿತು.

ಸ್ಮಶಾನದಿಂದ ನೇರವಾಗಿ ಸ್ವೀಟ್ಸರನ ಕಚೇರಿಗೆ ಹೋದೆ. ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ಅವನು ಯಾರಿಗೆ ಬೇಕಾದರೂ ಹೇಳಿಕೊಳ್ಳಲಿ. ಬಾ.

ಯೂನಿಸ್


ಹ್ಯೂರನ್
೮ ನವೆಂಬರ್ ೧೯೧೮

ಕೋರಾ,

ಗೆದ್ದೆವು. ಸ್ವೀಟ್ಸರ್ ಯಾರಿಗೂ ಹೇಳಲಿಲ್ಲ. ಅವನ ಮನೆಯಲ್ಲೂ ಎರಡು ಹೆಣ ಬಿದ್ದಿದ್ದವು. ಬೇರೆಯವರ ತಂಗಿಯ ಚಿಂತೆ ಅವನಿಗೆಲ್ಲಿ ಬಂತು? ನಾನು ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿದ್ದರೂ ಬಹುಶಃ ಹೇಳುತ್ತಿರಲಿಲ್ಲ.

ಬೈದಾದರೂ ಒಂದು ಸಾಲು ಬರೆ.

ಯೂನಿಸ್


ಎಲ್ಕ್ ಫೋರ್ಕ್
೩ ಜೂನ್ ೧೯೧೯

ಅಕ್ಕಾ,

ನಿನ್ನ ಕಾಗದಗಳೆಲ್ಲ ಬಂದಿವೆ. ಉತ್ತರ ಬರೆಯಲು ಕೂತಾಗಲೆಲ್ಲ "ಅವ್ಳಿಗೆ ಬರೋಕೆ ಮನಸಿಲ್ಲ" ಎಂಬ ಮಾತು ಕಿವಿಗೆ ಬಡಿದು ಎದ್ದುಬಿಡುತ್ತಿದ್ದೆ. ಸಹಿಯ ಕಾಗದ ಬಂದ ದಿನ ಕ್ರ್ಯಾಂಡಲ್‌ಗೆ ತೋರಿಸಿದೆ. "ಈಗ ಹೋಗಬಹುದು ತಾಯಿ" ಎಂದರು. ಯಾರನ್ನು ನೋಡಲು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಯುದ್ಧ ನಿಂತರೂ ಔಗುಸ್ಟ್‌ನನ್ನು ಬಿಟ್ಟಿಲ್ಲ. ಜರ್ಮನಿಗೆ ಹೋಗುವುದಾದರೆ ಹಡಗು ಹತ್ತಿಸುತ್ತೇವೆ, ಇಲ್ಲವಾದರೆ ಇಲ್ಲೇ ಇರು, ಎಂದಿಗೆ ಬಿಡುತ್ತೇವೋ ಗೊತ್ತಿಲ್ಲ ಎಂದಿದ್ದಾರೆ. ಅವನು ಹಡಗು ಎಂದಿದ್ದಾನೆ. ತಂತಿಯ ಹಿಂದೆ ಅವನ ಬುದ್ಧಿ ಸ್ವಲ್ಪ ಮಂಕಾಗಿದೆ, ಕಾಗದದಲ್ಲಿ ಬರೆದದ್ದನ್ನೇ ಮತ್ತೆ ಬರೆಯುತ್ತಾನೆ. ಒಬ್ಬನನ್ನೇ ಕಳಿಸಲು ಆಗುವುದಿಲ್ಲ. ಕುಲುಮೆ ಮಾರಿದೆ. ನಾನೂ ಟಿಲ್ಲಿಯೂ ಹೋಗುತ್ತೇವೆ. ಕಾಯಿದೆಯ ಲೆಕ್ಕದಲ್ಲಿ ನಾನು ನನ್ನ ದೇಶಕ್ಕೆ ವಾಪಸು ಹೋಗುತ್ತಿದ್ದೇನೆ.

ನಿಲ್ದಾಣಕ್ಕೆ ಬರಬೇಡ. ನಿನ್ನನ್ನು ನೋಡಿದರೆ ನನಗೆ ರೈಲು ಹತ್ತಲು ಆಗುವುದಿಲ್ಲ.

ಕೋರಾ


ಹ್ಯೂರನ್
೩೦ ಆಗಸ್ಟ್ ೧೯೨೦

ನನ್ನ ಕೋರಾ,

ಔಗುಸ್ಟ್‌ನ ಅಣ್ಣನ ವಿಳಾಸಕ್ಕೆ ಇದು ನನ್ನ ಐದನೇ ಕಾಗದ. ಒಪ್ಪಿಗೆ ಬೇಕಿದ್ದ ಕೊನೆಯ ರಾಜ್ಯ ಟೆನೆಸಿಯೂ ಒಪ್ಪಿತು. ಇನ್ನು ಇಡೀ ದೇಶದ ಸಂವಿಧಾನದಲ್ಲೇ ಹೆಂಗಸರ ಓಟು ಇದೆ. ಬೀದಿಯಲ್ಲಿ ಗಂಟೆ ಬಾರಿಸಿದರು, ಯಾರೋ ನನ್ನ ಕೊರಳಿಗೆ ಹೂವು ಹಾಕಿದರು. ಮನೆಗೆ ಬಂದು ನೋಡಿದರೆ, ಈ ಸುದ್ದಿಯನ್ನು ಕೂಗಿ ಹೇಳಲು ಅಡುಗೆಮನೆಯಲ್ಲಿ ಒಬ್ಬರೂ ಇರಲಿಲ್ಲ.

ಮದುವೆಯ ಕಾಯಿದೆ ಮುರಿಯಲು ವಾಷಿಂಗ್ಟನ್ನಿಗೆ ವಾರಕ್ಕೊಂದು ಅರ್ಜಿ ಬರೆಯುತ್ತಿದ್ದೇನೆ. ಅಲ್ಲಿನ ಶಾಸನಸಭೆಯ ಸದಸ್ಯರು ನಗುತ್ತಾರೆ. ನಿನಗೆ ಪ್ರವೇಶದ ಮುದ್ರೆ ಸಿಗುವಂತೆ ಏನು ಬೇಕಾದರೂ ಮಾಡುತ್ತೇನೆ. ನಿನ್ನ ಕೋಣೆ ಹಾಗೇ ಇದೆ. ನೀನು ಬರುವವರೆಗೆ ಈ ಓಟು ನನಗೆ ಗಂಟಲಲ್ಲಿ ಸಿಕ್ಕಿದ ಮೂಳೆ.

ಯೂನಿಸ್


ಸ್ಟೆಟಿನ್ ಬಳಿ, ಜರ್ಮನಿ
೧೭ ಅಕ್ಟೋಬರ್ ೧೯೨೦

ಅಕ್ಕಾ,

ನೀನು ಗೆದ್ದದ್ದು ಸಂತೋಷ. ವ್ಯಂಗ್ಯವಾಗಿ ಹೇಳುತ್ತಿಲ್ಲ. ನಿನ್ನ ಬೆವರು ನನಗೆ ಗೊತ್ತು.

ನಗಬೇಕೆನ್ನಿಸಿದರೆ ನಗು. ಜೂನಿನಲ್ಲಿ ನಾನೂ ಓಟು ಹಾಕಿದೆ. ಇಲ್ಲಿ ಹೆಂಗಸರಿಗೆ ಓಟಿದೆ, ನಾನು ಇಲ್ಲಿನ ಪ್ರಜೆ. ಚೀಟಿಯಲ್ಲಿದ್ದ ಹೆಸರುಗಳನ್ನು ಓದಲು ಬರಲಿಲ್ಲ. ಓರಗಿತ್ತಿ ಬೆರಳಿಟ್ಟ ಕಡೆ ಗೀಟು ಹಾಕಿ ಬಂದೆ. ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ. ಓಟು ಹಾಕಿದ ಖುಷಿಗೆ ಅಳುತ್ತಿದ್ದೇನೆ ಎಂದು ಅವಳು ನನ್ನ ಬೆನ್ನು ತಟ್ಟಿದಳು.

ಔಗುಸ್ಟ್ ಕೆಲಸ ಮಾಡುತ್ತಾನೆ, ಮಾತಾಡುವುದಿಲ್ಲ. ತಿನ್ನಲು ಟರ್ನಿಪ್ ಗಡ್ಡೆ, ಕಪ್ಪು ಬ್ರೆಡ್ಡು. ಟಿಲ್ಲಿಯ ಕಾಲುಗಳು ಕಡ್ಡಿಯಾಗಿವೆ. ಶಾಲೆಯಲ್ಲಿ ಅಮೆರಿಕದ ಕ್ವೇಕರ್ ಪಂಥದ ಹೆಂಗಸರು ಮಕ್ಕಳಿಗೆ ಗಂಜಿ ಹಾಕುತ್ತಾರೆ. ಅವರಲ್ಲಿ ಮಿಸ್ ಯಾರ್ನಲ್ ಎನ್ನುವವರು ಟಿಲ್ಲಿಯ ಮಾತು ಕೇಳಿ, ಇದು ಡಕೋಟಾದ ಧಾಟಿ ಎಂದು ಗುರುತು ಹಿಡಿದರು. ಅವರೇ ನಮ್ಮನ್ನು ಬರ್ಲಿನ್ನಿನ ಅಮೆರಿಕದ ಕಚೇರಿಗೆ ಕರೆದೊಯ್ದರು.

ಅಲ್ಲಿಯ ಅಧಿಕಾರಿ ಹುಡುಗ, ನನ್ನಷ್ಟೂ ವಯಸ್ಸಿಲ್ಲ. ಟಿಲ್ಲಿಯ ಜನನಪತ್ರ ನೋಡಿ ಅವಳಿಗೆ ಎದ್ದು ಕೈಕುಲುಕಿದ. "ಇವಳು ನಮ್ಮ ಪ್ರಜೆ. ಯಾವಾಗ ಬೇಕಾದ್ರೂ ಮನೆಗೆ ಹೋಗಬಹುದು. ತಡೆಯೋ ಅಧಿಕಾರ ನನಗೂ ಇಲ್ಲ" ಎಂದ.

"ನಾನೂ ಅದೇ ರಾಜ್ಯದಲ್ಲಿ ಹುಟ್ಟಿದವಳು" ಎಂದೆ.

"ಇರಬಹುದು ಮೇಡಂ. ಆದ್ರೆ ಜರ್ಮನ್ನರ ಜೊತೆ ನಮಗಿನ್ನೂ ಸಂಧಿ ಆಗಿಲ್ಲ. ನಿಮಗೆ ಮುದ್ರೆ ಹಾಕೋಕೆ ಬರಲ್ಲ."

ಮಿಸ್ ಯಾರ್ನಲ್ ನವೆಂಬರಿನಲ್ಲಿ ಊರಿಗೆ ಹೊರಟಿದ್ದಾರೆ. ಟಿಲ್ಲಿಯನ್ನು ಅವರ ಜೊತೆ ಕಳಿಸುತ್ತಿದ್ದೇನೆ. ಅವರೇ ಹ್ಯೂರನ್‌ವರೆಗೆ ತಂದು ಬಿಡುತ್ತಾರೆ. ಈ ಚಳಿಗಾಲವನ್ನು ಇಲ್ಲಿ ಅವಳು ದಾಟುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನು ಯಾರನ್ನೂ ಕೇಳಲಿಲ್ಲ. ಔಗುಸ್ಟ್ ಅವಳಿಗೊಂದು ಕಬ್ಬಿಣದ ಗುಂಡಿ ಮಾಡಿ ಕೋಟಿಗೆ ಹೊಲಿಸಿದ್ದಾನೆ. 

ಅವಳಿಗೆ ಕತ್ತಲೆಂದರೆ ಭಯ, ಒಪ್ಪಿಕೊಳ್ಳುವುದಿಲ್ಲ. ಹೊಟ್ಟೆ ತುಂಬಿದರೂ ಬ್ರೆಡ್ಡನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾಳೆ, ಬೈಯಬೇಡ. ಅಮ್ಮ ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ. ಬರಲು ಮನಸ್ಸಿಲ್ಲ ಎಂದು ಮಾತ್ರ ಅವಳಿಗೆ ಅನ್ನಿಸಬಾರದು. ಬಿಡಲಿಲ್ಲ ಎನ್ನು. ಯಾರು ಬಿಡಲಿಲ್ಲ ಎಂದು ಕೇಳಿದರೆ, ನಿನಗೆ ಗೊತ್ತಿದ್ದಷ್ಟನ್ನೆಲ್ಲ ಹೇಳು, ಒಂದನ್ನೂ ಬಿಡಬೇಡ.

ಅಕ್ಕಾ, ಅವಳು ಆ ದೇಶದ ಪ್ರಜೆ. ಅದನ್ನು ಅವಳಿಂದ ಯಾರೂ ಕಿತ್ತುಕೊಳ್ಳಲಾರರು, ಮದುವೆಯಾಗುವವರೆಗೆ. ದೊಡ್ಡವಳಾಗಿ ಒಬ್ಬ ಹುಡುಗನನ್ನು ಮನೆಗೆ ಕರೆತಂದರೆ, ಒಳ್ಳೆಯವನೋ, ದುಡಿಯುತ್ತಾನೋ, ಕುಡಿಯುತ್ತಾನೋ ಎಂದು ಕೇಳುವ ಮುಂಚೆ ಅವನು ಯಾವ ದೇಶದ ಪ್ರಜೆ ಎಂದು ಕೇಳು. ನನ್ನ ಮದುವೆಯಲ್ಲಿ ಯಾರೂ ಕೇಳಲಿಲ್ಲ.

ಕೋರಾ